ಒಂದು ವರುಷದ ಗದ್ದುಗೆ

‘ಊರ ಉಪಕಾರ, ಹೆಣದ ಸಿಂಗಾರ’ ಎಂದು ನಮ್ಮಲ್ಲೊಂದು ಗಾದೆಯಿದೆ. ಊರಿಗಾಗಿ ದುಡಿದು ದಣಿದ ಯಾರೋ ಹಿರಿಯರ ನಿಟ್ಟುಸಿರು ಅದು. ಹೆಣಕ್ಕೆ ಮಾಡಿದ ಸಿಂಗಾರವನ್ನು ಹೆಣ ಅರಿಯದು. ಊರಿಗೆ ಮಾಡಿದ ಉಪಕಾರವನ್ನು ಊರು ನೆನೆಯದು. ಇಷ್ಟು ಕಹಿಯಾದ ಮಾತನ್ನು ನಾಲಗೆಯ ಮೇಲೆ ಇಟ್ಟುಕೊಂಡೇ ನಮ್ಮ ಜನ ಕೆರೆ ಕಟ್ಟಿಸಿದ್ದಾರೆ, ಛತ್ರ ಕಟ್ಟಿಸಿದ್ದಾರೆ, ಬೇಸಗೆಯಲ್ಲಿ ಅರವಟ್ಟಿಗೆ ಇಟ್ಟಿದ್ದಾರೆ. ಹಾಗಾದರೆ ಉಪಕಾರದ ಹಂಬಲ ಗಾದೆಗಿಂತ ಗಟ್ಟಿಯಾದದ್ದು ಎಂದಾಯಿತು. ಆದರೆ ಒಬ್ಬನ ಹಂಬಲ ಹತ್ತು ಜನರ ಕೂಟವಾಗಿ, ಆ ಕೂಟ ಲಕ್ಷಾಂತರ ಜನರ ಸಂಸ್ಥೆಯಾಗಿ ಬೆಳೆಯುವುದು ಹೇಗೆ? ಅದನ್ನು ನಡೆಸುವವನು ಎಂಥವನಾಗಿರಬೇಕು? ನಮ್ಮ ಜಿಲ್ಲೆ, ತಾಲ್ಲೂಕು ಪಟ್ಟಣಗಳಲ್ಲೆಲ್ಲ ಹಲ್ಲುಗಾಲಿಯ ಗುರುತಿನಿಂದ ಪರಿಚಿತವಾಗಿರುವ ರೋಟರಿ ಸಂಸ್ಥೆಯನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

1905ನೆಯ ಇಸವಿ ಫೆಬ್ರವರಿ 23ರಂದು ಅಮೆರಿಕದ ಷಿಕಾಗೊ ನಗರದ ಒಂದು ಕಚೇರಿಯ ಕೋಣೆಯಲ್ಲಿ ನಾಲ್ವರು ಕಲೆತರು. ಕರೆದವರು ಪಾಲ್ ಹ್ಯಾರಿಸ್ ಎಂಬ ವಕೀಲರು. ಬಂದವರಲ್ಲಿ ಒಬ್ಬರು ಕಲ್ಲಿದ್ದಲಿನ ವ್ಯಾಪಾರಿ, ಒಬ್ಬರು ಗಣಿಯ ಇಂಜಿನಿಯರು, ಇನ್ನೊಬ್ಬರು ಉಡುಪಿನ ವರ್ತಕರು. ಹ್ಯಾರಿಸರು ವರ್ಮಾಂಟ್ ಪ್ರಾಂತದ ಸಣ್ಣ ಊರಿನಲ್ಲಿ, ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದವರು. ಮಹಾನಗರದ ಜನಸಂದಣಿಯ ನಡುವೆ ಅವರನ್ನು ಬಾಧಿಸಿದ್ದು ಒಂಟಿತನ. ಊರಿನ ಸ್ನೇಹವನ್ನು ಪಟ್ಟಣದಲ್ಲಿ ಮರಳಿ ಪಡೆಯಬೇಕೆಂಬುದೇ ಅವರ ಮೊದಲ ಆಶೆ. ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಸಭೆ ಸೇರುತ್ತಿದ್ದುದರಿಂದ ಕೂಟಕ್ಕೆ ‘ರೋಟರಿ’, ಎಂದರೆ ಸುತ್ತುವಂಥದು, ಎಂಬ ಹೆಸರಾಯಿತು. ಒಂದು ವೃತ್ತಿಗೆ ಒಬ್ಬನೇ ಸದಸ್ಯ. ಸದಸ್ಯರು ತಮ್ಮ ತಮ್ಮಲ್ಲೇ ವ್ಯಾಪಾರ ನಡೆಸಿ ಪರಸ್ಪರ ನೆರವಾಗಬೇಕು. ಇದು ಆ ದಿನಗಳ ಏರ್ಪಾಡು. ಇದರಲ್ಲಿ ಸೇವೆಯ ಸೊಲ್ಲೇ ಇರಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಆ ಸೊಲ್ಲನ್ನು ತಂದವರು ಕೂಟದ ಒಳಗಿನವರಲ್ಲ. ಒಳಗೆ ಬರಲು ಒಪ್ಪದೆ ನಿಂತವರು. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲರನ್ನು ಸದಸ್ಯರಾಗುವಂತೆ ಆಹ್ವಾನಿಸಲಾಯಿತು. ಅವರು ನಿಯಮಾವಳಿಯನ್ನು ಓದಿದರು. ತಮ್ಮವರಲ್ಲದವರಿಗೆ ಏನನ್ನೂ ಮಾಡದ ಇಂಥ ಕೂಟಕ್ಕೆ ಬಾಳಿಕೆಯಿಲ್ಲವೆಂಬ ಅಭಿಪ್ರಾಯದಿಂದ ಹಿಂಜರಿದರು. ಷಿಕಾಗೊದ ಆ ಗೆಳೆಯರು ಮುನಿಸಿಕೊಳ್ಳಲಿಲ್ಲ. ನಗರದ ಹಿತವನ್ನೂ ತಮ್ಮ ಉದ್ದೇಶಗಳಲ್ಲಿ ಒಂದಾಗಿ ಸೇರಿಸಿಕೊಂಡರು, ಕಾರ್ಟರ್ ಸದಸ್ಯರಾದರು. 1907ರಲ್ಲಿ ಅವರು ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕಾರ್ಯ ಯಾವುದು ಗೊತ್ತೇ? ನಗರಸಭೆಯ ಬಳಿ ಜನರ ಉಪಯೋಗಕ್ಕೊಂದು ಶೌಚಾಲಯ. ಹಾರ ತುರಾಯಿಗಳಿಗೆ ಒದಗುವ ಕಾರ್ಯವಲ್ಲ ಅದು. ಆದರೆ ದಾರಿಹೋಕನ ಕಷ್ಟವನ್ನು ಬಲ್ಲ ಕಾರ್ಯ.

ಸದಸ್ಯರ ಸಂಖ್ಯೆ ಹೆಚ್ಚಬೇಕೆಂದು ಹಂಬಲಿಸುವವರು ಈ ಪ್ರಸಂಗವನ್ನು ಮನನ ಮಾಡಬೇಕು. ನಾವು ಸಾಮಾನ್ಯವಾಗಿ ‘ಬನ್ನಿ’ ಎಂದಾಗ ಬಂದವರನ್ನು ಎಣಿಸುತ್ತೇವೆ. ‘ನಾನೇಕೆ ಬರಲಿ?’ ಎಂದು ಕೇಳಿದವನನ್ನು ಅಹಂಕಾರಿಯೆಂದು ಬಿಟ್ಟುಬಿಡುತ್ತೇವೆ. ಆದರೆ ಸಂಸ್ಥೆಗೆ ಕನ್ನಡಿ ಹಿಡಿಯುವವನು ಆ ಎರಡನೆಯವನೇ. ಅವನ ಪ್ರಶ್ನೆಗೆ ಉತ್ತರವನ್ನು ಹುಡುಕುವ ಸಂಸ್ಥೆ ಬೆಳೆಯುತ್ತದೆ, ಹುಡುಕದಿರುವುದು ಊದಿಕೊಳ್ಳುತ್ತದೆ. ಬೆಳೆಯುವುದಕ್ಕೂ ಊದಿಕೊಳ್ಳುವುದಕ್ಕೂ ಇರುವ ಅಂತರವನ್ನು ವೈದ್ಯರಿಂದ ಕೇಳಿ ತಿಳಿಯಬೇಕಾಗಿಲ್ಲ.

ಕೂಟ ಷಿಕಾಗೊವನ್ನು ದಾಟಿ ಹೋಗಬೇಕೆಂದು ಹ್ಯಾರಿಸರು ಹೊರಟಾಗ ಸ್ವಂತ ಗೆಳೆಯರಲ್ಲೇ ಹಲವರು ವಿರೋಧಿಸಿದರು. ಇದ್ದ ಸ್ನೇಹವೇ ಸಾಕು, ಊರೂರಿನ ಉಸಾಬರಿ ನಮಗೇಕೆ ಎಂಬ ಮನೋಭಾವ ಎಲ್ಲ ಕಾಲಕ್ಕೂ ಎಲ್ಲ ಕೂಟಗಳಲ್ಲೂ ಇರುವಂಥದೇ. ಹ್ಯಾರಿಸರು ಪಟ್ಟು ಬಿಡಲಿಲ್ಲ. 1908ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎರಡನೆಯ ಕ್ಲಬ್ಬು ಹುಟ್ಟಿತು. 1910ರ ಹೊತ್ತಿಗೆ 16 ಕ್ಲಬ್ಬುಗಳಾದವು. ಅನಂತರ ಕೆನಡಾದ ವಿನಿಪೆಗ್ ಸೇರಿದಾಗ ಅದು ಒಂದು ದೇಶದ ಸಂಸ್ಥೆಯಾಗಿ ಉಳಿಯಲಿಲ್ಲ. 1919ರಲ್ಲಿ ಕಲ್ಕತ್ತೆಗೆ, 1934ರಲ್ಲಿ ನಮ್ಮ ಬೆಂಗಳೂರಿಗೆ ಅದು ಬಂದಿತು. ಕಲ್ಕತ್ತೆಯ ಕ್ಲಬ್ಬಿನ ನಿತೀಶ್ ಲಾಹರಿಯವರು 1962ರಲ್ಲಿ ಇಡೀ ಜಗತ್ತಿನ ರೋಟರಿಗೆ ಅಧ್ಯಕ್ಷರಾದರು.

ಇನ್ನು ನಾಯಕತ್ವದ ವಿಷಯ. ಈ ಸಂಸ್ಥೆಯ ಮೊದಲ ಕ್ಲಬ್ಬಿಗೆ ಮೊದಲ ಅಧ್ಯಕ್ಷರು ಯಾರು ಎಂದು ಕೇಳಿದರೆ ಹೆಚ್ಚಿನವರು ಹ್ಯಾರಿಸ್ ಎಂದೇ ಹೇಳುತ್ತಾರೆ. ಅಲ್ಲ. ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲರು ಷಿಕಾಗೊ ಕ್ಲಬ್ಬಿನ ಮೊದಲ ಅಧ್ಯಕ್ಷರು. ಕಟ್ಟಿದವನು ಕುರ್ಚಿಯನ್ನು ಇನ್ನೊಬ್ಬನಿಗೆ ಬಿಟ್ಟು ಪಕ್ಕದಲ್ಲಿ ನಿಂತ. ಸಂಸ್ಥೆಯ ಬುನಾದಿಯಲ್ಲಿ ಹೂತಿರುವ ಕಲ್ಲು ಇದೇ ಎಂದು ನನ್ನ ಭಾವನೆ. ಇಂದಿಗೂ ಅಲ್ಲಿ ಸಾಮಾನ್ಯ ಕ್ಲಬ್ಬಿನ ಅಧ್ಯಕ್ಷನಿಂದ ಹಿಡಿದು ಅಂತರರಾಷ್ಟ್ರೀಯ ಅಧ್ಯಕ್ಷನವರೆಗೆ ಗದ್ದುಗೆ ಸಾಮಾನ್ಯವಾಗಿ ಒಂದೇ ವರುಷದ್ದು. ಜುಲೈ 1ರಂದು ಏರಿದವನು ಮರುವರುಷದ ಜೂನ್ 30ರಂದು ಇಳಿಯಬೇಕು.

ಈ ಕಟ್ಟಳೆಗೆ ಗುಣವೂ ಇದೆ, ದೋಷವೂ ಇದೆ. ಯಾರೂ ಕುರ್ಚಿಗೆ ಬೇರು ಬಿಡಲಾರರು ಎಂಬುದು ಗುಣ. ಒಂದು ವರುಷದಲ್ಲಿ ಫಲ ಕಾಣುವ ಗಿಡವನ್ನೇ ನೆಡಬೇಕೆಂಬ ಅವಸರ ಹುಟ್ಟುವುದು ದೋಷ. ತೆಂಗಿನ ಸಸಿ ನೆಡಬೇಕಾದಲ್ಲಿ ಕೊತ್ತಂಬರಿ ಬಿತ್ತುತ್ತೇವೆ. ಒಂದು ಊರಿನಲ್ಲಿ ನಾನೇ ಕಂಡದ್ದನ್ನು ಹೇಳುತ್ತೇನೆ. ಅಲ್ಲಿಯ ಒಂದು ಸೇವಾಸಂಘದ ಅಧ್ಯಕ್ಷರು ತಮ್ಮ ಅವಧಿಯಲ್ಲಿ ಸದಸ್ಯರ ಸಂಖ್ಯೆಯನ್ನು ದುಪ್ಪಟ್ಟು ಮಾಡುವೆನೆಂದು ಪದಗ್ರಹಣದ ವೇದಿಕೆಯ ಮೇಲೆ ಸಾರಿದರು, ಮಾಡಿಯೂ ಮಾಡಿದರು. ನೆಂಟರು, ಅಂಗಡಿಯ ಪಾಲುದಾರರು, ಸಾಲಗಾರರು ಎಲ್ಲರ ಹೆಸರೂ ಪಟ್ಟಿಗೆ ಬಂದವು. ಹಲವರ ಚಂದಾ ಅಧ್ಯಕ್ಷರ ಜೇಬಿನಿಂದಲೇ ಹೋಯಿತು. ವರದಿ ಓದಿದಾಗ ಚಪ್ಪಾಳೆ ಬಿದ್ದಿತು. ಮುಂದಿನ ವರುಷ ಆ ಜೇಬು ಮುಚ್ಚಿತು, ಹೆಸರುಗಳೂ ಉದುರಿದವು. ಅದಕ್ಕಿಂತ ದುಃಖದ ಸಂಗತಿಯೆಂದರೆ, ಅವರ ಹಿಂದೆ ನಾಲ್ಕಾರು ಮಂದಿ ಹಳೆಯ ದುಡಿಮೆಗಾರರೂ ಹೊರಟುಹೋದದ್ದು. ಸಂಖ್ಯೆಗಾಗಿ ಬಂದವರ ಗದ್ದಲದಲ್ಲಿ ಕೆಲಸಕ್ಕಾಗಿ ಬಂದವರಿಗೆ ಕೂರಲು ಜಾಗವಿರಲಿಲ್ಲ.

ಸಂಖ್ಯೆಯ ಚಿಂತೆ ಹೀನವಾದುದೆಂದು ನಾನು ಹೇಳುತ್ತಿಲ್ಲ. ಆ ಚಿಂತೆಯಿಂದಲೇ ಹಿರಿದಾದ ಕಾರ್ಯವೂ ನಡೆದಿದೆ. ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಸಣ್ಣ ಪಟ್ಟಣದ ಕ್ಲಬ್ಬು ಸದಸ್ಯರಿಲ್ಲದೆ ಸೊರಗುತ್ತಿತ್ತು. 1977ರಲ್ಲಿ ಅದು ಮೂವರು ಮಹಿಳೆಯರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು. ಗಂಡಸರಿಗಷ್ಟೇ ಪ್ರವೇಶವೆಂಬುದು ಅಂದಿನ ನಿಯಮ. ಕೇಂದ್ರ ಮಂಡಲಿ ಆ ಕ್ಲಬ್ಬಿನ ಸನ್ನದನ್ನೇ ಕಿತ್ತುಕೊಂಡಿತು. ಡುವಾರ್ಟೆಯವರು ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ನಡೆದು, 1987ರ ಮೇ 4ರಂದು ತೀರ್ಪು ಅವರ ಪರವಾಗಿ ಬಂದಿತು. 1989ರಲ್ಲಿ ಸಂಸ್ಥೆಯೇ ತನ್ನ ನಿಯಮವನ್ನು ತಿದ್ದಿ ಜಗತ್ತಿನಾದ್ಯಂತ ಮಹಿಳೆಯರಿಗೆ ಬಾಗಿಲು ತೆರೆಯಿತು. 2022ರಲ್ಲಿ ಕೆನಡಾದ ಜೆನಿಫರ್ ಜೋನ್ಸ್ ಅಂತರರಾಷ್ಟ್ರೀಯ ಅಧ್ಯಕ್ಷೆಯಾದರು. ಕೇಂದ್ರದ ಎತ್ತರದ ಪೀಠಕ್ಕೆ ಕಾಣದ ದಾರಿ ಒಂದು ಸಣ್ಣ ಊರಿನ ಬೆರಳೆಣಿಕೆಯ ಜನರಿಗೆ ಕಂಡಿತ್ತು. ನಾಯಕತ್ವ ಯಾವಾಗಲೂ ಮೇಲಿನಿಂದಲೇ ಇಳಿದು ಬರಬೇಕಾಗಿಲ್ಲ.

ಪೋಲಿಯೊ ವಿರುದ್ಧದ ಹೋರಾಟ ಇನ್ನೊಂದು ಪಾಠ. 1985ರಲ್ಲಿ ರೋಟರಿ ಈ ಕಾರ್ಯವನ್ನು ಜಗತ್ತಿನ ಮಟ್ಟದಲ್ಲಿ ಕೈಗೊಂಡಿತು. ಸರ್ಕಾರಗಳು, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಇವುಗಳೊಡನೆ ನಡೆದ ಈ ದುಡಿಮೆಯ ಫಲವಾಗಿ ನಮ್ಮ ದೇಶದಲ್ಲಿ ಪೋಲಿಯೊದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಈ ನಡುವೆ ಎಷ್ಟು ಅಧ್ಯಕ್ಷರು ಗದ್ದುಗೆ ಏರಿ ಇಳಿದರೋ! ಒಬ್ಬನು ಹಿಡಿದ ನೇಗಿಲ ಮೇಣಿಯನ್ನು ಮುಂದಿನವನು ಹಿಡಿದ, ಸಾಲು ಡೊಂಕಾಗಲಿಲ್ಲ. ಒಂದು ವರುಷದ ಗದ್ದುಗೆಯ ದೋಷಕ್ಕೆ ಇದೇ ಮದ್ದು: ತನ್ನ ಹೆಸರಿನ ಹೊಸ ಕೆಲಸಕ್ಕಿಂತ ಹಿಂದಿನವನ ಅರ್ಧ ಕೆಲಸವನ್ನು ಮುಂದುವರಿಸುವ ವಿನಯ.

ಪಲ್ಸ್ ಪೋಲಿಯೊದ ಭಾನುವಾರಗಳಲ್ಲಿ ಬಸ್ ನಿಲ್ದಾಣದ ಲಸಿಕೆ ಕೇಂದ್ರದಲ್ಲಿ ಒಬ್ಬ ಕಿರಾಣಿ ವ್ಯಾಪಾರಿಯನ್ನು ನಾನು ನೋಡುತ್ತಿದ್ದೆ. ಸಭೆಗಳಲ್ಲಿ ಎಂದೂ ಬಾಯಿ ತೆರೆಯದ ಸದಸ್ಯ ಅವರು. ಹನಿ ಹಾಕಿಸಿಕೊಂಡ ಮಗುವಿನ ಕಿರುಬೆರಳಿಗೆ ಶಾಯಿಯ ಗುರುತು ಹಚ್ಚುವುದು ಅವರ ಪಾಲಿನ ಕೆಲಸ. ಅಳುವ ಕೂಸನ್ನು ರಮಿಸಿ, ತಾಯಿಗೆ ನಾಲ್ಕು ಮಾತು ಹೇಳಿ, ಸಂಜೆಯವರೆಗೂ ಕುಳಿತಿರುತ್ತಿದ್ದರು. ಅಲ್ಲಿ ಅವರನ್ನು ಕಂಡು, ‘ನಾನೂ ಬರಬಹುದೇ?’ ಎಂದು ಕೇಳಿದ ತರುಣರಿದ್ದರು. ಯಾವ ಭಾಷಣವೂ ಯಾವ ಕರಪತ್ರವೂ ತರಲಾರದ ಸದಸ್ಯರು ಅವರು.

ಈಗ ರೋಟರಿಯ ಸದಸ್ಯಸಂಖ್ಯೆ ಎರಡು ದಶಕಗಳಿಗೂ ಮಿಕ್ಕಿ ಸುಮಾರು 12 ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಹುಟ್ಟಿದ ನಾಡಾದ ಅಮೆರಿಕದಲ್ಲಿ ಅದು ಇಳಿಮುಖ; ನಮ್ಮಲ್ಲಿ ಏರುಮುಖ. 2021ರಲ್ಲಿ ಅಧ್ಯಕ್ಷರಾದ ಕಲ್ಕತ್ತೆಯ ಶೇಖರ್ ಮೆಹತಾ ಅವರು ಒಬ್ಬೊಬ್ಬ ಸದಸ್ಯನೂ ಒಬ್ಬೊಬ್ಬರನ್ನು ಕರೆತರಬೇಕೆಂದು ಕರೆಕೊಟ್ಟರು. ಒಳ್ಳೆಯ ಕರೆ. ಆದರೆ ಕರೆತಂದವನ ಹೊಣೆ ಬಾಗಿಲಲ್ಲಿ ಮುಗಿಯುವುದಿಲ್ಲ. ಮುಂಬಾಗಿಲಿನಿಂದ ಹಾರ ಹಾಕಿಸಿಕೊಂಡು ಬಂದವನು ಸದ್ದಿಲ್ಲದೆ ಹಿತ್ತಿಲ ಬಾಗಿಲಿನಿಂದ ಹೊರಟುಹೋಗುವುದು, ಬಹಳ ಸಲ, ಅವನ ಕೈಗೆ ಯಾರೂ ಒಂದು ಕೆಲಸವನ್ನು ಕೊಡದೆ ಇದ್ದುದರಿಂದ.

ಆದಕಾರಣ, ಇಂಥ ಸಂಸ್ಥೆಗಳ ಅಧ್ಯಕ್ಷರ ಸಾಧನೆಯನ್ನು ಜುಲೈ ತಿಂಗಳ ಪದಗ್ರಹಣದಂದಾಗಲಿ, ಜೂನ್ ತಿಂಗಳ ವರದಿಯಲ್ಲಾಗಲಿ ಅಳೆಯಬಾರದು. ಅವರು ಇಳಿದ ಮರುವರುಷ, ಯಾವ ಪದವಿಯೂ ಇಲ್ಲದೆ, ಹಿಂದಿನ ಸಾಲಿನಲ್ಲಿ ಕುಳಿತು, ಹೊಸಬನೊಬ್ಬನಿಗೆ ಕೆಲಸ ಕಲಿಸುತ್ತಿದ್ದಾರೆಯೇ ಎಂಬುದನ್ನು ನೋಡಬೇಕು. ಹಾಗೆ ಕುಳಿತವರು ಒಂದು ಊರಿನಲ್ಲಿ ನಾಲ್ವರಿದ್ದರೆ, ಆ ಊರಿನ ಮಟ್ಟಿಗೆ ನಮ್ಮ ಹಳೆಯ ಗಾದೆ ಸುಳ್ಳಾಯಿತೆಂದೇ ತಿಳಿಯಬಹುದು.