ಹೊಟ್ಟೆಯ ಗಂಟು: ಸ್ಕ್ಯಾನಿಂಗ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

(ಸ್ವಸಹಾಯ ಸಂಘಗಳ ಮಹಿಳಾ ಸಭೆಯಲ್ಲಿ ಮಾಡಿದ ಭಾಷಣ)



ಒಬ್ಬ ಅಜ್ಜಿ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದುಕೊಂಡು ನನ್ನ ಹತ್ತಿರ ಬಂದು, "ಸಿಸ್ಟರ್, ನಿಮ್ಮ ಹೆಸರಿನ ಕಾಯಿಲೆ ನಂಗೆ ಬಂದಿದ್ಯಂತೆ" ಅಂದ್ರು. ರಿಪೋರ್ಟಿನಲ್ಲಿ ಇದ್ದದ್ದು 'ಸಿಸ್ಟ್' ಎಂಬ ಪದ. ನಾವಿಬ್ಬರೂ ನಕ್ಕೆವು. ಆದರೆ ಆ ಪದ ಕೇಳಿ ಮೂರು ರಾತ್ರಿ ನಿದ್ದೆ ಬಂದಿರಲಿಲ್ಲ ಎಂದು ಆಮೇಲೆ ಹೇಳಿದರು. ಸಿಸ್ಟ್ ಅಂದರೆ ಕ್ಯಾನ್ಸರ್ ಎಂದೇ ಅವರಿಗೆ ಯಾರೋ ಹೇಳಿದ್ದರು.

ಸಿಸ್ಟ್ ಅಂದರೆ ನೀರೋ, ರಕ್ತವೋ, ಬೇರೆ ದ್ರವವೋ ತುಂಬಿದ ಚೀಲ, ಅಷ್ಟೆ. ಅದು ಕಾಯಿಲೆಯ ಹೆಸರಲ್ಲ. 'ಮನೆಗೆ ಯಾರೋ ಬಂದಿದ್ದಾರೆ' ಅಂದ ಹಾಗೆ. ಬಂದವರು ನೆಂಟರೋ ಕಳ್ಳರೋ ಅನ್ನೋದು ಇನ್ನೂ ಗೊತ್ತಾಗಬೇಕು.

ನಮ್ಮ ಕಡೆ ಹೊಟ್ಟೆ ತೋರಿಸುವ ಕೆಲಸ ಯಾವಾಗಲೂ ಕೊನೆಗೆ. ಕಾಫಿ ಕೊಯ್ಲು ಮುಗೀಲಿ, ಆಮೇಲೆ ಕಾಳುಮೆಣಸು, ಆಮೇಲೆ ಮಕ್ಕಳ ಪರೀಕ್ಷೆ. ಅಷ್ಟರಲ್ಲಿ ಮಳೆ ಹಿಡೀತದೆ, ಬಸ್ಸು ಸರಿಯಾಗಿ ಬರೋದಿಲ್ಲ. ಒಂದು ದಿನ ಪೇಟೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು, ರೈಟರ ಹತ್ತಿರ ಕಾರಣವನ್ನೂ ಹೇಳಬೇಕು. ಹೆಂಗಸರ ತೊಂದರೆಯನ್ನು ಗಂಡಸಿಗೆ ಹೇಗೆ ಹೇಳೋದು? "ಗ್ಯಾಸ್" ಎಂದು ಹೇಳಿ ಜೀರಿಗೆ ಕಷಾಯ ಕುಡಿದು ತಿಂಗಳುಗಟ್ಟಲೆ ತಳ್ಳುತ್ತೇವೆ.

ಹೊಟ್ಟೆ ದೊಡ್ಡದಾದರೆ ಇನ್ನೊಂದು ಕಷ್ಟ. ಕೆಲವು ವರ್ಷಗಳ ಹಿಂದೆ ಲೈನ್ ಮನೆಯ ಒಬ್ಬ ಹುಡುಗಿಯ ವಿಷಯ ನಮ್ಮ ಹತ್ತಿರ ಬಂತು. ಇನ್ನೂ ಮುಟ್ಟಾಗಿರಲಿಲ್ಲ. ಹೊಕ್ಕುಳ ಕೆಳಗೆ ಉಬ್ಬು, ತಿಂಗಳಿಗೊಮ್ಮೆ ವಿಪರೀತ ನೋವು. ಲೈನಿನಲ್ಲಿ ಮಾತು ಶುರುವಾಯಿತು. ಶಾಲೆ ಬಿಡಿಸಿದರು. ತಾಯಿ ಹೊಡೆದದ್ದೂ ಆಯಿತು. ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದಾಗ ಗರ್ಭಕೋಶದಲ್ಲಿ ಮಗು ಇಲ್ಲ, ಏನೂ ಇಲ್ಲ. ಅದರ ಕೆಳಗೆ ಹಳೆಯ ರಕ್ತ ಚೀಲದ ಹಾಗೆ ತುಂಬಿಕೊಂಡಿತ್ತು. ಹುಟ್ಟಿನಿಂದಲೇ ಹೊರದಾರಿಯ ಪರದೆ ಪೂರ್ತಿ ಮುಚ್ಚಿದ್ದರಿಂದ ಮುಟ್ಟಿನ ರಕ್ತ ತಿಂಗಳು ತಿಂಗಳೂ ಒಳಗೇ ನಿಂತಿತ್ತು. ಚಿಕ್ಕ ಶಸ್ತ್ರಚಿಕಿತ್ಸೆಯಲ್ಲಿ ಸರಿಹೋಯಿತು. ಆ ಹುಡುಗಿಗೆ ಸ್ಕ್ಯಾನಿಂಗ್ ಯಂತ್ರ ವೈದ್ಯನಿಗಿಂತ ಮೊದಲು ಸಾಕ್ಷಿಯಾಗಿ ನಿಂತಿತು. ಮಾತಾಡಿದವರು ಮಾತ್ರ ಯಾರೂ ಬಂದು ಕ್ಷಮೆ ಕೇಳಲಿಲ್ಲ.

ಈ ಯಂತ್ರ ಹೊಟ್ಟೆ ನೋಡಲು ಬಂದದ್ದೇ ಇಂಥ ಗಂಟುಗಳಿಂದ. ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ ಇಯಾನ್ ಡೊನಾಲ್ಡ್ ಎಂಬ ಹೆರಿಗೆ ತಜ್ಞರಿದ್ದರು. ಕಾರ್ಖಾನೆಗಳಲ್ಲಿ ಕಬ್ಬಿಣದೊಳಗಿನ ಬಿರುಕು ಹುಡುಕಲು ಶಬ್ದದ ಅಲೆ ಬಳಸುವ ಯಂತ್ರವಿತ್ತು. 1955ರ ಜುಲೈನಲ್ಲಿ ಅವರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗರ್ಭಕೋಶದ ಗಡ್ಡೆ, ಅಂಡಾಶಯದ ಸಿಸ್ಟುಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬಾಯ್ಲರ್ ಕಾರ್ಖಾನೆಗೆ ಹೋದರು! ಗಟ್ಟಿ ಗಡ್ಡೆ ಒಂದು ರೀತಿ ಪ್ರತಿಧ್ವನಿ ಕೊಟ್ಟಿತು, ನೀರಿನ ಚೀಲ ಇನ್ನೊಂದು ರೀತಿ. ಆಮೇಲೆ ಒಬ್ಬ ಮಹಿಳೆ ಬಂದರು. ಹೊಟ್ಟೆ ತುಂಬ ಉಬ್ಬಿತ್ತು. ಜಠರದ ಕ್ಯಾನ್ಸರ್, ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದು ಬೇರೆ ವೈದ್ಯರು ಕೈಬಿಟ್ಟಿದ್ದರು. ಡೊನಾಲ್ಡ್ ಯಂತ್ರವಿಟ್ಟು ನೋಡಿದರೆ ಅದು ಅಂಡಾಶಯದ ಒಂದು ಭಾರೀ ಸಿಸ್ಟ್. ತೆಗೆದರು, ಆಕೆ ಬದುಕಿದರು. 1958ರಲ್ಲಿ ಡೊನಾಲ್ಡ್, ಮ್ಯಾಕ್‌ವಿಕಾರ್ ಎಂಬ ವೈದ್ಯರು ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಸೇರಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನೆಲ್ಲ ಬರೆದರು. ಸ್ಕ್ಯಾನಿಂಗ್ ಅಂದರೆ ಬಸುರಿಗೆ ಮಾತ್ರ ಅಂತ ತಿಳಿದವರು ಇದನ್ನು ನೆನಪಿಡಬೇಕು.

ಈಗ ಕೋಣೆಯೊಳಗೆ ಏನು ನಡೆಯುತ್ತದೆ ಹೇಳ್ತೇನೆ. ನೀರು ಕುಡಿದು ಮೂತ್ರ ಕಟ್ಟಿಕೊಂಡು ಬನ್ನಿ ಅಂತಾರೆ. ತುಂಬಿದ ಮೂತ್ರಚೀಲ ಕರುಳನ್ನು ಪಕ್ಕಕ್ಕೆ ತಳ್ಳಿ ಗರ್ಭಕೋಶ, ಅಂಡಾಶಯ ಕಾಣುವ ಕಿಟಕಿಯಾಗುತ್ತದೆ. ಹೊಟ್ಟೆಗೆ ತಣ್ಣನೆ ಜೆಲ್ ಹಚ್ಚುತ್ತಾರೆ. ನೋವಿಲ್ಲ, ಇದರಲ್ಲಿ ಎಕ್ಸ್-ರೇ ಕಿರಣವೂ ಇಲ್ಲ. ಪರದೆಯಲ್ಲಿ ನೀರು ಕಪ್ಪಾಗಿ ಕಾಣುತ್ತದೆ, ಗಟ್ಟಿ ಭಾಗ ಬೆಳ್ಳಗೆ, ಬೂದಿ ಬಣ್ಣದಲ್ಲಿ. ಮದುವೆಯಾದವರಿಗೆ ಕೆಲವೊಮ್ಮೆ ಕೆಳಗಿನಿಂದ, ಒಳಗಿನ ಸ್ಕ್ಯಾನ್ ಮಾಡಬೇಕಾಗುತ್ತದೆ. ಅದರಲ್ಲಿ ಅಂಡಾಶಯ ಹತ್ತಿರದಿಂದ ಕಾಣುತ್ತದೆ. ಆದರೆ ಮೊದಲು ನಿಮ್ಮನ್ನು ಕೇಳಬೇಕು, ಜೊತೆಗೆ ಒಬ್ಬ ಹೆಂಗಸು ಇರಬೇಕು. ಬೇಡ ಅನ್ನುವ ಹಕ್ಕು ನಿಮಗಿದೆ.

ಮುಟ್ಟಾಗುವ ವಯಸ್ಸಿನವರಲ್ಲಿ ತೆಳು ಗೋಡೆಯ, ಒಳಗೆ ಬರೀ ನೀರಿರುವ, 5 ಸೆಂಟಿಮೀಟರಿಗಿಂತ ಚಿಕ್ಕ ಸಿಸ್ಟ್ ಬಹಳ ಸಾಮಾನ್ಯ. ತಿಂಗಳು ತಿಂಗಳೂ ಅಂಡ ಬಿಡುವ ಕೆಲಸದಲ್ಲೇ ಅದು ಹುಟ್ಟುತ್ತದೆ, ಎರಡು ಮೂರು ಮುಟ್ಟಿನೊಳಗೆ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಮುಟ್ಟು ನಿಂತವರಲ್ಲಿ ಈ ಲೆಕ್ಕ ನಡೆಯೋದಿಲ್ಲ. ಅವರಲ್ಲಿ ಸಿಸ್ಟ್ ಕಂಡರೆ ವೈದ್ಯರು ಹೆಚ್ಚು ಎಚ್ಚರದಿಂದ ನೋಡುತ್ತಾರೆ. ಯಾವ ವಯಸ್ಸಿನವರೇ ಆಗಲಿ, ಒಳಗೆ ಗಟ್ಟಿ ಭಾಗ, ದಪ್ಪ ಗೋಡೆಗಳು, ಹೊಟ್ಟೆಯಲ್ಲಿ ನೀರು ಎಂದು ಬರೆದಿದ್ದರೆ ಕೊಯ್ಲು ಮುಗಿಯುವವರೆಗೆ ಕಾಯಬೇಡಿ. ಇದ್ದಕ್ಕಿದ್ದ ಹಾಗೆ ಒಂದೇ ಕಡೆ ತಡೆಯಲಾರದ ನೋವು, ಜೊತೆಗೆ ವಾಂತಿ ಬಂದರೆ ಸಿಸ್ಟ್ ಇರುವ ಅಂಡಾಶಯ ತಿರುಚಿಕೊಂಡಿರಬಹುದು. ಆಗ ಅದೇ ರಾತ್ರಿ ಜೀಪು ಮಾಡಿಕೊಂಡು ಹೊರಡಬೇಕು.

ಇನ್ನು ಬೇರೆ ಬಗೆಯವು. ಡರ್ಮಾಯ್ಡ್ ಎಂಬ ಸಿಸ್ಟಿನಲ್ಲಿ ಕೊಬ್ಬು, ಕೂದಲು, ಹಲ್ಲು ಕೂಡ ಇರುತ್ತದೆ. ಇದನ್ನು ಮಾಟ ಎಂದು ನಂಬಿ ಹರಕೆ ಹೊತ್ತ ಮನೆಯವರನ್ನು ನಾನು ನೋಡಿದ್ದೇನೆ. ಮಾಟ ಅಲ್ಲ, ಅಂಡಾಶಯದಲ್ಲಿರುವ ಜೀವಕಣಕ್ಕೆ ದೇಹದ ಯಾವ ಭಾಗವನ್ನಾದರೂ ಬೆಳೆಸುವ ಗುಣ ಇದೆ, ಅದು ದಾರಿ ತಪ್ಪಿ ಹೀಗಾಗುತ್ತದೆ. ಹಲ್ಲು ಮಾಮೂಲಿ ಎಕ್ಸ್-ರೇಯಲ್ಲೂ ಕಾಣಬಹುದು, ಕೊಬ್ಬು ಸಿ.ಟಿ. ಸ್ಕ್ಯಾನಿನಲ್ಲಿ ಸ್ಪಷ್ಟ. 'ಚಾಕಲೇಟ್ ಸಿಸ್ಟ್' ಅಂದರೆ ಹಳೆಯ ರಕ್ತ, ಮುಟ್ಟಿನ ಹೊತ್ತಿಗೆ ಜೀವ ಹಿಂಡುವ ನೋವು. ಇದು ಅನುಮಾನ ಬಂದರೆ ಎಂ.ಆರ್.ಐ. ಚೆನ್ನಾಗಿ ಹೇಳುತ್ತದೆ. ಹಿಂದೆ ಹೊಟ್ಟೆ ಆಪರೇಷನ್ ಆದವರಲ್ಲಿ ಅಂಡಾಶಯದಿಂದ ಒಸರಿದ ನೀರು ಗಾಯದ ಎಳೆಗಳ ನಡುವೆ ಸಿಕ್ಕಿಕೊಂಡು, ಜೇಡರ ಬಲೆಯ ಮಧ್ಯೆ ಜೇಡ ಕೂತ ಹಾಗೆ ಅಂಡಾಶಯ ಕಾಣುತ್ತದೆ. ಆದ್ದರಿಂದ ಹಳೆಯ ಆಪರೇಷನ್ ವಿಷಯ, ಸಂತಾನಹರಣವಾದರೂ ಸರಿ, ಮುಚ್ಚಿಡದೆ ಹೇಳಬೇಕು.

ಇನ್ನೊಂದು ಹೈಡಾಟಿಡ್ ಸಿಸ್ಟ್. ನಾಯಿಯ ಕರುಳಿನಲ್ಲಿರುವ ಒಂದು ಚಿಕ್ಕ ಹುಳದಿಂದ ಬರುವಂಥದ್ದು. ಕುರಿ ಕಡಿದಾಗ ಕರುಳು, ಪಿತ್ತಜನಕಾಂಗ ಎಲ್ಲ ನಾಯಿಗೆ ಎಸೆಯುತ್ತೇವಲ್ಲ, ಹುಳದ ಸುತ್ತಾಟ ಅಲ್ಲಿಂದ ಶುರು. ನಾಯಿಯ ಮಲದಿಂದ ಸೊಪ್ಪಿಗೆ, ಕೈಗೆ, ಬಾಯಿಗೆ. ಹೆಚ್ಚಾಗಿ ಪಿತ್ತಜನಕಾಂಗದಲ್ಲಿ ಕೂರುತ್ತದೆ, ಅಪರೂಪಕ್ಕೆ ಕಿಬ್ಬೊಟ್ಟೆಯಲ್ಲಿ. ಸ್ಕ್ಯಾನಿನಲ್ಲಿ ದೊಡ್ಡ ಚೀಲದೊಳಗೆ ಚಿಕ್ಕ ಚೀಲಗಳು ಕಾಣುವುದುಂಟು. ಇದೇ ಎಂದು ಗೊತ್ತಿಲ್ಲದೆ ಸೂಜಿ ಚುಚ್ಚಿ ಒಳಗಿನ ನೀರು ಸೋರಿದರೆ ಜೀವಕ್ಕೆ ಅಪಾಯದ ಅಲರ್ಜಿ ಆಗಬಹುದು, ಕಾಯಿಲೆ ಹೊಟ್ಟೆಯೆಲ್ಲ ಹರಡಬಹುದು. ಹಾಗಾಗಿ ಚಿತ್ರ ಮೊದಲು, ಸೂಜಿ ಆಮೇಲೆ.

ಹೊಟ್ಟೆಯ ಕ್ಷಯವೂ ಸಿಸ್ಟಿನ ವೇಷ ಹಾಕುತ್ತದೆ. ನೀರು ಅಲ್ಲಲ್ಲಿ ಕಟ್ಟಿಕೊಂಡು ಅಂಡಾಶಯದ ಕ್ಯಾನ್ಸರಿನಂತೆಯೇ ಕಾಣುತ್ತದೆ. ಸಿ.ಎ. 125 ಎಂಬ ರಕ್ತಪರೀಕ್ಷೆಯೂ ಎರಡರಲ್ಲೂ ಏರಬಹುದು. ಇಲ್ಲಿ ಸ್ಕ್ಯಾನ್ ಒಂದೇ ತೀರ್ಪು ಕೊಡಲಾರದು, ನೀರು ಅಥವಾ ತುಂಡು ತೆಗೆದು ಪರೀಕ್ಷಿಸಬೇಕು. ಕ್ಷಯವಾದರೆ ಸರ್ಕಾರದ ಮಾತ್ರೆ ಉಚಿತ, ಗುಣವಾಗುತ್ತದೆ. ಕ್ಯಾನ್ಸರ್ ಎಂದು ಹೆದರಿ ಮನೆಯಲ್ಲೇ ಕೂತರೆ ಗುಣವಾಗುವ ಕಾಯಿಲೆಯಿಂದ ಸಾಯುವುದಾಗುತ್ತದೆ.

ಈಗ ನನ್ನನ್ನು ಹೆಚ್ಚು ಕಾಡುವ ಮಾತು. "ಸಿಸ್ಟ್ ಇದೆ, ಗರ್ಭಕೋಶ ತೆಗೆಸಿಬಿಡಿ, ಇಲ್ಲಾಂದ್ರೆ ಕ್ಯಾನ್ಸರ್ ಆಗ್ತದೆ" ಅನ್ನುವ ಮಾತು. ಸಿಸ್ಟ್ ಇರುವುದು ಅಂಡಾಶಯದಲ್ಲಿ, ತೆಗೆಯುವುದು ಗರ್ಭಕೋಶವನ್ನು! ಇದನ್ನು ಕೇಳುವ ಧೈರ್ಯ ನಮಗಿಲ್ಲ. ಕಲಬುರಗಿಯ ಲಂಬಾಣಿ ಮತ್ತು ದಲಿತ ಮಹಿಳೆಯರು ಅನಗತ್ಯವಾಗಿ ಗರ್ಭಕೋಶ ತೆಗೆದದ್ದರ ವಿರುದ್ಧ ಬೀದಿಗಿಳಿದರು. ನಮ್ಮದೇ ಜಿಲ್ಲೆಯ ಬೀರೂರು ಕಡೆಯಿಂದಲೂ ಅಂಥ ದೂರು ಬಂದಿತ್ತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ರಾಜ್ಯಗಳಿಗೆ ಹೇಳಿತು. ಕೆಲವರಿಗೆ ಗರ್ಭಕೋಶ ತೆಗೆಯಲೇಬೇಕಾಗುತ್ತದೆ, ಅದನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ಮೂವತ್ತು, ಮೂವತ್ತೈದರ ಹೆಂಗಸಿಗೆ ಒಂದೇ ಸ್ಕ್ಯಾನ್ ನೋಡಿ ನಾಳೆಯೇ ಅಡ್ಮಿಟ್ ಆಗಿ ಅಂದರೆ, ಇನ್ನೊಬ್ಬ ವೈದ್ಯರನ್ನು ಕೇಳಿ. "ಇದು ಎಲ್ಲಿಂದ ಹುಟ್ಟಿದೆ? ಒಳಗೆ ನೀರೋ ಗಟ್ಟಿಯೋ? ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡಬಹುದಾ?" ಇಷ್ಟು ಕೇಳಿದರೆ ಸಾಕು. ಒಳ್ಳೆಯ ವೈದ್ಯರು ಸಿಟ್ಟಾಗೋದಿಲ್ಲ.

ಸಿ.ಟಿ., ಎಂ.ಆರ್.ಐ. ಎಲ್ಲರಿಗೂ ಬೇಕಿಲ್ಲ. ಅಲ್ಟ್ರಾಸೌಂಡಿನಲ್ಲಿ ಅನುಮಾನ ಉಳಿದರೆ ಮಾತ್ರ. ಸಿ.ಟಿ.ಯಲ್ಲಿ ಎಕ್ಸ್-ರೇ ಇದೆ, ಆದ್ದರಿಂದ ಮುಟ್ಟು ತಪ್ಪಿದ್ದರೆ ಮೊದಲೇ ಹೇಳಿ. ಕೈಗೆ ಕೊಡುವ ಔಷಧಿಗೆ ಮುಂಚೆ ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ, ಅಲರ್ಜಿ ಹೇಳಿ. ಎಂ.ಆರ್.ಐ. ದೊಡ್ಡ ಅಯಸ್ಕಾಂತ. ತಾಳಿ, ಪಿನ್ನು, ಕಾಲುಂಗುರ ತೆಗೆಯಬೇಕು, ದೇಹದೊಳಗೆ ಲೋಹದ ಸಾಧನ ಇದ್ದರೆ ತಿಳಿಸಬೇಕು. ತಾಳಿ ತೆಗೆಯೋದಕ್ಕೆ ಅತ್ತೆ ಒಪ್ಪಲಿಲ್ಲ ಅಂತ ವಾಪಸ್ ಬಂದವರಿದ್ದಾರೆ. ಅತ್ತೆಯನ್ನೂ ಕರೆದುಕೊಂಡು ಬನ್ನಿ, ನಾನು ಮಾತಾಡ್ತೇನೆ.

ಸ್ಕ್ಯಾನಿಂಗ್ ಕೇಂದ್ರದಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡು ನೋಡಿ ಕೆಲವರು ಹಿಂದೆ ಸರಿಯುತ್ತಾರೆ. 1994ರ ಆ ಕಾಯ್ದೆ ಹೆಣ್ಣುಮಗುವನ್ನು ಉಳಿಸಲಿಕ್ಕೆ. ನಿಮ್ಮ ಹೊಟ್ಟೆಯ ಗಂಟು ನೋಡುವುದನ್ನು ಅದು ತಡೆಯುವುದಿಲ್ಲ.

ಖರ್ಚಿನ ವಿಷಯ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಚಿಕ್ಕಮಗಳೂರಿನಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜೂ ಇದೆ. ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಸ್ಕ್ಯಾನಿಗೆ ಬರುತ್ತಾ ಇಲ್ವಾ ಎಂದು ಆರೋಗ್ಯಮಿತ್ರರನ್ನು ಮೊದಲೇ ಕೇಳಿ, ಮಂಗಳೂರಿಗೋ ಹಾಸನಕ್ಕೋ ಹೊರಡುವ ಮುಂಚೆ ರೆಫರ್ ಚೀಟಿ ಬರೆಸಿಕೊಳ್ಳಿ.

ಕೊನೆಗೆ ಫಿಲ್ಮ್. ಸ್ಕ್ಯಾನಿನ ಫಿಲ್ಮನ್ನು ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಡ್ತೀರಿ, ಬೂಸ್ಟು ಹಿಡಿದು ಹಾಳಾಗ್ತದೆ. ಹಳೆಯ ಫಿಲ್ಮ್, ಹಳೆಯ ರಿಪೋರ್ಟ್ ಇದ್ದರೆ ಮಾತ್ರ ಸಿಸ್ಟ್ ಬೆಳೆದಿದೆಯೋ ಕರಗಿದೆಯೋ ಹೋಲಿಸಿ ಹೇಳಬಹುದು. ಹಿಂದಿನ ಬಾಗಿಲ ಹತ್ತಿರ ಮೇಜಿನ ಮೇಲೆ ಪ್ಲಾಸ್ಟಿಕ್ ಫೈಲ್‌ಗಳಿವೆ. ಸಂಘಕ್ಕೆ ಹತ್ತರಂತೆ ಇವೆ, ಊಟ ಆದ ಮೇಲೆ ಪ್ರತಿನಿಧಿಗಳು ಸಹಿ ಹಾಕಿ ತೆಗೆದುಕೊಳ್ಳಿ. ರಿಪೋರ್ಟ್ ತಂದಿರುವವರು ನನ್ನ ಹತ್ತಿರ ಬನ್ನಿ, ಒಬ್ಬೊಬ್ಬರಾಗಿ ಪಕ್ಕದ ಕೋಣೆಯಲ್ಲಿ ಕೂತು ಓದೋಣ.