ನಾಲ್ಕು ವರ್ಷಕ್ಕೊಮ್ಮೆ ಬರುವ ಅಭಿಮಾನಿ



ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡ್ತೀನಿ. ನಾನು ಕ್ರೀಡಾಪಟು ಅಲ್ಲ, ಕೋಚ್ ಅಲ್ಲ, ಕ್ರೀಡಾ ಪತ್ರಕರ್ತನೂ ಅಲ್ಲ. ಶಾಲೆಯಲ್ಲಿ ಖೋಖೋ ಆಡುವಾಗ ನನ್ನನ್ನ ಯಾವ ತಂಡದವರೂ ಕರೀತಿರಲಿಲ್ಲ, ಅಂಕ ಬರೆಯೋಕೆ ಕೂರಿಸ್ತಿದ್ರು. (ನಗು) ಇವತ್ತು ನಾನಿಲ್ಲಿ ನಿಂತಿರೋದು ಒಂದೇ ಒಂದು ಅರ್ಹತೆಯಿಂದ. ನಾಲ್ಕು ವರ್ಷಕ್ಕೊಮ್ಮೆ, ಹದಿನೇಳು ದಿನ, ಸೋಫಾ ಮೇಲೆ ಕೂತು, ಉಸ್ಮಾನಿಯಾ ಬಿಸ್ಕತ್ತು ಚಹಾದಲ್ಲಿ ಅದ್ದಿಕೊಳ್ತಾ, ಒಲಿಂಪಿಕ್ಸ್ ನೋಡುವವನು ನಾನು. ಆ ಹದಿನೇಳು ದಿನ ನನಗೆ ಜೂಡೋ ಗೊತ್ತು, ಬಿಲ್ಲುಗಾರಿಕೆ ಗೊತ್ತು, ಜಿಮ್ನಾಸ್ಟಿಕ್ಸ್‌ನಲ್ಲಿ ಯಾರ ಕಾಲು ಎಷ್ಟು ಬಾಗಿತು ಅಂತಲೂ ಗೊತ್ತು. ಹದಿನೆಂಟನೇ ದಿನ ಎಲ್ಲಾ ಮರೆತುಹೋಗುತ್ತೆ.

ನಿಮ್ಮಲ್ಲೂ ಇಂಥವರು ಇದ್ದೀರಿ. ಕೈ ಎತ್ತೋದು ಬೇಡ, ಮುಖ ನೋಡಿದ್ರೇ ಗೊತ್ತಾಗುತ್ತೆ. (ನಗು)

ನಮ್ಮದು ಮೂಲತಃ ಬೀದರ್ ಕಡೆ. ಹೈದರಾಬಾದಿಗೆ ಬಂದು ಮೂವತ್ತು ವರ್ಷದ ಹತ್ತಿರ ಆಯ್ತು. ಕಾಚಿಗುಡಾ ಪಕ್ಕದಲ್ಲೇ ಮನೆ. ಅಲ್ಲಿ ಕನ್ನಡಕ್ಕೇನೂ ಕೊರತೆ ಇಲ್ಲ, ಕರ್ನಾಟಕ ಸಾಹಿತ್ಯ ಮಂದಿರ ಅಲ್ಲೇ ಇದೆ. ಆದ್ರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡದ ಮನೆ ನಮ್ಮದೊಂದೇ. ಉಳಿದವರೆಲ್ಲ ತೆಲುಗಿನವರು, ಎರಡು ಉರ್ದು ಮಾತಾಡುವ ಮನೆ, ಒಂದು ಮಲಯಾಳಿ ಮನೆ. ಲಿಫ್ಟಿನಲ್ಲಿ ಸಿಕ್ಕರೆ ನಗ್ತೀವಿ, ನೀರಿನ ಟ್ಯಾಂಕರ್ ಬಿಲ್ಲಿನ ವಿಷಯಕ್ಕೆ ಜಗಳ ಆಡ್ತೀವಿ, ಅಷ್ಟೇ ಸಂಬಂಧ.

2016ರ ಆಗಸ್ಟ್ 19. ಶ್ರಾವಣ ಶುಕ್ರವಾರ. ರಿಯೋ ಒಲಿಂಪಿಕ್ಸ್‌ನಲ್ಲಿ ಪಿ.ವಿ. ಸಿಂಧು ಫೈನಲ್. ಎದುರಿಗೆ ಸ್ಪೇನಿನ ಕ್ಯಾರೊಲಿನಾ ಮರೀನ್. ಸಂಜೆ ನಮ್ಮ ಮನೆ ಕೇಬಲ್ ಕೈಕೊಟ್ಟಿತು. ಏನು ಮಾಡೋದು? ಅವ್ವನ್ನ ಕರ್ಕೊಂಡು ಮೇಲಿನ ಮಹಡಿಯ ರಿಟೈರ್ಡ್ ರೈಲ್ವೆ ಅಂಕಲ್ ಮನೆಗೆ ಹೋದೆ. ಹೋಗಿ ನೋಡಿದ್ರೆ ಅಲ್ಲಿ ಆಗಲೇ ಹದಿನೈದು ಜನ! ಅರ್ಧ ಜನರ ಹೆಸರು ನನಗೆ ಅವತ್ತೇ ಗೊತ್ತಾಗಿದ್ದು. ಅವ್ವ ಪೂಜೆಯ ಕಡಲೆ ಉಸಳಿ ಡಬ್ಬಿಯಲ್ಲಿ ತಂದಿದ್ಲು, ಅದು ಎಲ್ಲರ ಕೈಗೂ ಬಂತು.

ಅವ್ವಗೆ ಬ್ಯಾಡ್ಮಿಂಟನ್ ಅಂದ್ರೆ ಏನೂ ಗೊತ್ತಿಲ್ಲ. ಕೂತಲ್ಲಿಂದಲೇ ಪ್ರಶ್ನೆ ಶುರು. “ಆ ಸ್ಪೇನಿನಾಕಿ ಯಾಕ ಹಂಗ ಚೀರ್ತಾಳ?” “ಅದು ಹಕ್ಕಿ ಪುಕ್ಕ ಅದ ಏನು?” ಅಂಕಲ್ ಮೊಮ್ಮಗ ಹೇಳಿದ, “ಹದಿನಾರು ಪುಕ್ಕ ಇರುತ್ತೆ ಅಜ್ಜಿ, ಬಾತುಕೋಳಿದು.” ಅವ್ವ ಅಂದ್ಲು, “ಪಾಪ, ಅದಕ್ಕ ಹೊಡೀತಾರೇನು?” (ನಗು)

ಮೊದಲ ಗೇಮ್ ಸಿಂಧು 21-19. ಮನೆ ಕಿತ್ತು ಹೋಗೋ ಹಾಗೆ ಕೂಗು. ಇನ್ನೊಂದು ತಮಾಷೆ ಏನಂದ್ರೆ ಎದುರು ಬಿಲ್ಡಿಂಗಿನವರ ಟಿವಿ ನಮ್ಮದಕ್ಕಿಂತ ಮೂರ್ನಾಲ್ಕು ಸೆಕೆಂಡ್ ಮುಂದೆ ಓಡ್ತಿತ್ತು. ಅವರು “ಹೋ” ಅಂದ್ರೆ ಪಾಯಿಂಟ್ ನಮಗೆ, “ಅಯ್ಯೋ” ಅಂದ್ರೆ ಮರೀನ್‌ಗೆ. ನಾವು ನೋಡೋ ಮುಂಚೆಯೇ ಕೇಳಿಸ್ಕೊಳ್ತಿದ್ವಿ. ಎರಡನೇ ಗೇಮಿನಲ್ಲಿ ಆ “ಅಯ್ಯೋ” ಜಾಸ್ತಿ ಆಯ್ತು. 12-21. ಮೂರನೆಯದು 15-21. ಮುಗೀತು.

ಸೋತ ಮೇಲೂ ಯಾರೂ ಎದ್ದು ಹೋಗಲಿಲ್ಲ. ರೈಲ್ವೆ ಅಂಕಲ್ ಕಣ್ಣು ಒರೆಸ್ಕೊಳ್ತಾ “ಮನ ಅಮ್ಮಾಯಿ, ಮನ ಅಮ್ಮಾಯಿ” ಅಂತಿದ್ರು. ನಮ್ಮ ಹುಡುಗಿ ಅಂತ. ಅವರ ಖುಷಿಗೆ ಇನ್ನೊಂದು ಕಾರಣವೂ ಇತ್ತು. ಸಿಂಧು ಅಪ್ಪ ರಮಣ, ಅಮ್ಮ ವಿಜಯಾ ಇಬ್ಬರೂ ವಾಲಿಬಾಲ್ ಆಟಗಾರರು, ರೈಲ್ವೆಯವರು. ರಮಣ ಅವರು 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು.

ಆ ರಾತ್ರಿಯ ಮಾರನೇ ದಿನದಿಂದ ನಮ್ಮ ಅಪಾರ್ಟ್‌ಮೆಂಟ್ ಬೇರೆಯೇ ಆಯ್ತು. ಟ್ಯಾಂಕರ್ ಜಗಳ ನಿಲ್ಲಲಿಲ್ಲ, ಅದು ಹೈದರಾಬಾದಿನಲ್ಲಿ ನಿಲ್ಲೋದಿಲ್ಲ. ಆದ್ರೆ ಹೆಸರು ಹಿಡಿದು ಜಗಳ ಆಡೋಕೆ ಶುರು ಮಾಡಿದ್ವಿ. (ನಗು)

ನಮ್ಮಂಥವರನ್ನ ಕಂಡ್ರೆ ನಿಜವಾದ ಕ್ರೀಡಾಭಿಮಾನಿಗಳಿಗೆ ಸಿಟ್ಟು. “ಸೀಸನ್ ಅಭಿಮಾನಿಗಳು, ರೂಲ್ಸ್ ಗೊತ್ತಿಲ್ಲ, ಬಂದುಬಿಡ್ತಾರೆ” ಅಂತ. ನಾನು ಹೇಳ್ತೀನಿ, ಒಲಿಂಪಿಕ್ಸ್ ಒಂದು ಜಾತ್ರೆ. ಜಾತ್ರೆಗೆ ಬಂದವರನ್ನ ನಿನಗೆ ಮಂತ್ರ ಬರುತ್ತಾ ಅಂತ ಯಾರೂ ಕೇಳೋದಿಲ್ಲ. ಬೆಂಡು ಬತ್ತಾಸು ತಿಂದು, ತೇರು ನೋಡಿ ಕೈ ಮುಗಿದು ಹೋಗ್ತೀವಿ. ಆ ಜನ ಇಲ್ಲದಿದ್ರೆ ಜಾತ್ರೆಯೇ ಇಲ್ಲ.

2021ರ ಆಗಸ್ಟ್ 7 ನೆನಪು ಮಾಡಿಕೊಳ್ಳಿ. ಟೋಕಿಯೋದಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಗಾಲ್ಫ್ ಕೊನೇ ಸುತ್ತು ಆಡ್ತಿದ್ರು. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನದಲ್ಲಿದ್ದ ಹುಡುಗಿ ಪದಕದ ಬಾಗಿಲಲ್ಲಿ ನಿಂತಿದ್ದಾಳೆ. ಇಡೀ ದೇಶ ಬೆಳಿಗ್ಗೆ ಎದ್ದು ಗಾಲ್ಫ್ ನೋಡ್ತಾ ಇತ್ತು! ಬರ್ಡಿ ಅಂದ್ರೆ ಏನು, ಪಾರ್ ಅಂದ್ರೆ ಏನು ಅಂತ ಹಲ್ಲುಜ್ಜುತ್ತಾ ಫೋನಿನಲ್ಲಿ ಹುಡುಕಿದ್ವಿ. ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿ ನಾಲ್ಕನೇ ಸ್ಥಾನ. ಅವತ್ತೇ ಸಂಜೆ ನೀರಜ್ ಚೋಪ್ರಾ 87.58 ಮೀಟರ್ ಎಸೆದು ಚಿನ್ನ ಗೆದ್ದರು. ಬೆಳಿಗ್ಗೆ ಗಾಲ್ಫ್ ಪಂಡಿತರಾಗಿದ್ದ ನಾವೆಲ್ಲ ಸಂಜೆಗೆ ಜಾವೆಲಿನ್ ಪಂಡಿತರಾದ್ವಿ. ಇದರಲ್ಲಿ ತಪ್ಪೇನೂ ಇಲ್ಲ. ಏನೂ ಗೊತ್ತಿಲ್ಲದೆ ಯಾರದೋ ಗೆಲುವಿಗೆ ಎದೆ ಬಡ್ಕೊಳ್ಳೋದು ಎಷ್ಟು ಚೆಂದದ ಗುಣ ಅಲ್ವಾ?

ಇಲ್ಲಿಗೆ ಮುಗಿಸಿದ್ರೆ ನನಗೂ ಸುಖ, ನಿಮಗೂ ಸುಖ. ಆದ್ರೆ ಇನ್ನೊಂದು ಕಥೆ ಇದೆ. ಅದರಲ್ಲಿ ನಾನು ಅಷ್ಟು ಒಳ್ಳೆಯವನಲ್ಲ.

ರಿಯೋ ಮುಗಿದ ಮೇಲೆ ಏನಾಯ್ತು? ತೆಲಂಗಾಣ ಸರ್ಕಾರ ಸಿಂಧುಗೆ 5 ಕೋಟಿ ಘೋಷಿಸಿತು, ಆಂಧ್ರ ಸರ್ಕಾರ 3 ಕೋಟಿ. ರಾಜ್ಯ ಒಡೆದು ಎರಡೇ ವರ್ಷ ಆಗಿತ್ತು, ಈಕೆ ಯಾರ ಮಗಳು ಅನ್ನೋ ಪೈಪೋಟಿ ನಡೀತು. ಆ ದಿನಗಳಲ್ಲಿ ಗೂಗಲ್‌ನಲ್ಲಿ ಸಿಂಧು ಹೆಸರಿನ ಜೊತೆ ಜನ ಹುಡುಕಿದ್ದು ‘ಜಾತಿ’ ಅನ್ನೋ ಪದ ಅಂತ ಪತ್ರಿಕೆಗಳು ಬರೆದವು. ಆಗಸ್ಟ್ 22ರಂದು ವಿಮಾನ ನಿಲ್ದಾಣದಿಂದ ಗಚ್ಚಿಬೌಲಿ ಕ್ರೀಡಾಂಗಣದವರೆಗೆ ತೆರೆದ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಮೆರವಣಿಗೆ. ನಾನೂ ಆಫೀಸಿಗೆ ಚಕ್ಕರ್ ಹಾಕಿ ರಸ್ತೆ ಬದಿ ನಿಂತು ಕೈ ಬೀಸಿದೆ. “ನಮ್ಮ ಹುಡುಗಿ” ಅಂತ ಫೋಟೋ ಹಾಕಿದೆ.

ಎಂಟು ವರ್ಷ ಆದ ಮೇಲೆ, 2024ರ ಆಗಸ್ಟ್ 1, ಪ್ಯಾರಿಸ್. ಸಿಂಧು ಹದಿನಾರರ ಘಟ್ಟದಲ್ಲೇ ಚೀನಾದ ಹೇ ಬಿಂಗ್‌ಜಿಯಾವೋ ಎದುರು ಸೋತರು. 19-21, 14-21. ಅದೇ ಆಟಗಾರ್ತಿಯನ್ನ ಸೋಲಿಸಿ ಟೋಕಿಯೋದಲ್ಲಿ ಕಂಚು ಗೆದ್ದಿದ್ರು. ನಾನು ಫೋನಿನಲ್ಲಿ ನೋಡ್ತಾ ಇದ್ದೆ. ಮುಗಿದ ಒಂದು ನಿಮಿಷಕ್ಕೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಬರೆದೆ: “ಸಾಕು ತಾಯಿ, ಜಾಹೀರಾತು ಮಾಡಿದ್ದು ಸಾಕು, ಇನ್ನ ಮನೇಲಿರು.” ಹತ್ತು ಜನ ನಗುವ ಗೊಂಬೆ ಹಾಕಿದ್ರು. ನನಗೂ ಹೆಮ್ಮೆ. ಅವ್ವಗೆ ಓದಿ ಹೇಳಿದೆ.

ಅವ್ವ ನಗಲಿಲ್ಲ. ಕೇಳಿದ್ಲು, “ಏ ತಮ್ಮಾ, ಅವತ್ತು ಆ ಚೀರೋ ಹುಡುಗಿ ಗೆದ್ದು ನೆಲದ ಮ್ಯಾಲ ಬಿದ್ದು ಅಳಲಿಕ್ಕತ್ತಿದ್ದಿಲ್ಲೇನು, ಆಕಿಗೆ ಎಬ್ಬಿಸಿದಾಕಿ ಈಕಿನೇ ಅಲ್ಲೇನು? ಆಕಿ ಬ್ಯಾಟ್ ಎತ್ತಿಟ್ಟಾಕಿ?”

ನಾನು ಮರೆತೇಹೋಗಿದ್ದೆ. ಹೌದು, ರಿಯೋದಲ್ಲಿ ಸೋತ ಸಿಂಧು ನೆಟ್ ದಾಟಿ ಹೋಗಿ ಮರೀನ್‌ರನ್ನ ಎಬ್ಬಿಸಿ ತಬ್ಬಿಕೊಂಡಿದ್ರು. ನೆಲದ ಮೇಲಿದ್ದ ಆಕೆಯ ರ‍್ಯಾಕೆಟ್ ಎತ್ತಿಟ್ಟಿದ್ರು. ಅಂಕ ಎಣಿಸೋಕೆ ಬಾರದ ನಮ್ಮವ್ವಗೆ ಅದು ನೆನಪಿತ್ತು. ಅಂಕಗಳನ್ನ ಬಾಯಿಪಾಠ ಒಪ್ಪಿಸುವ ನನಗೆ ಅದು ನೆನಪಿರಲಿಲ್ಲ.

ಆಮೇಲೆ ಇನ್ನೊಂದು ಮಾತು ಅಂದ್ಲು. “ನಡುವ ಎಂಟು ವರ್ಷ ಆಕಿ ಏನು ಮಾಡ್ಲಿಕ್ಕತ್ತಿದ್ಲು, ನಿನಗ ಗೊತ್ತದ ಏನು?”

ಗೊತ್ತಿರಲಿಲ್ಲ. ಆ ರಾತ್ರಿ ಕೂತು ಹುಡುಕಿದೆ. 2017ರಲ್ಲಿ ಗ್ಲಾಸ್ಗೋದಲ್ಲಿ ವಿಶ್ವ ಚಾಂಪಿಯನ್‌ಶಿಪ್ ಫೈನಲ್. ಜಪಾನಿನ ನೊಜೊಮಿ ಒಕುಹಾರಾ ಎದುರು 110 ನಿಮಿಷ ಆಡಿ, ಮೂರನೇ ಗೇಮಿನಲ್ಲಿ 20-22ರಿಂದ ಸೋಲು. ಎರಡು ಗಂಟೆಗೆ ಹತ್ತೇ ನಿಮಿಷ ಕಡಿಮೆ! ನಾನು ಆ ದಿನ ಎಲ್ಲಿದ್ದೆ ಅಂತಲೂ ನೆನಪಿಲ್ಲ. 2018ರಲ್ಲಿ ನಾಂಜಿಂಗ್‌ನಲ್ಲಿ ಮತ್ತೆ ಫೈನಲ್, ಮತ್ತೆ ಮರೀನ್ ಎದುರು ಸೋಲು. 2019ರ ಆಗಸ್ಟ್ 25, ಬಾಸೆಲ್. ಅದೇ ಒಕುಹಾರಾ ಎದುರು 21-7, 21-7. ವಿಶ್ವ ಚಾಂಪಿಯನ್ ಆದ ಮೊದಲ ಭಾರತೀಯ ಬ್ಯಾಡ್ಮಿಂಟನ್ ಆಟಗಾರ್ತಿ. 2022ರಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್ ಚಿನ್ನ, ಕಾಲಿಗೆ ಪೆಟ್ಟಾಗಿದ್ದಾಗಲೇ. ಇದೆಲ್ಲ ನಮ್ಮ ಮನೆಯಿಂದ ಅಷ್ಟೇನೂ ದೂರ ಇಲ್ಲದ ಊರಿನ ಮಗಳ ಕಥೆ. ನಾನು ನೋಡಿದ್ದು ಮೂರು ಸಂಜೆ. ಉಳಿದ ದಿನಗಳ ತೀರ್ಪನ್ನ ಒಂದು ನಿಮಿಷದಲ್ಲಿ ಕೊಟ್ಟೆ.

ಆಟಗಾರರನ್ನ ಟೀಕಿಸಲೇಬಾರದು ಅಂತ ನಾನು ಹೇಳ್ತಾ ಇಲ್ಲ. ಅದೇ ಪ್ಯಾರಿಸ್‌ನಲ್ಲಿ ಲಕ್ಷ್ಯ ಸೇನ್ ಕಂಚಿನ ಪಂದ್ಯದಲ್ಲಿ ಮೊದಲ ಗೇಮ್ ಗೆದ್ದು ಸೋತಾಗ, ಪ್ರಕಾಶ್ ಪಡುಕೋಣೆ ಅವರು ಆಟಗಾರರೂ ಜವಾಬ್ದಾರಿ ಹೊರಬೇಕು ಅಂತ ಖಡಕ್ಕಾಗಿ ಹೇಳಿದ್ರು. ಅವರು ಹೇಳಬಹುದು. 1980ರಲ್ಲೇ ಆಲ್ ಇಂಗ್ಲೆಂಡ್ ಗೆದ್ದವರು, ಲಕ್ಷ್ಯ ಬೆಳೆದದ್ದೇ ಬೆಂಗಳೂರಿನ ಅವರ ಅಕಾಡೆಮಿಯಲ್ಲಿ. ಅವರ ಮಾತಿನ ಹಿಂದೆ ಅಷ್ಟೂ ವರ್ಷ ಇದ್ದವು. ನನ್ನ ಮಾತಿನ ಹಿಂದೆ ಇದ್ದದ್ದು ಒಂದು ಬಿಸ್ಕತ್ತು ಪೊಟ್ಟಣ.

ಪ್ಯಾರಿಸ್‌ನಲ್ಲಿ ಭಾರತಕ್ಕೆ ಆರು ಪದಕ ಬಂತು. ನಾಲ್ಕನೇ ಸ್ಥಾನ ಎಷ್ಟು ಬಂತು ಗೊತ್ತಾ? ಅದೂ ಆರು. ನಾಲ್ಕನೇ ಸ್ಥಾನ ಅಂದ್ರೆ ಇಡೀ ಪ್ರಪಂಚದಲ್ಲಿ ಮೂರೇ ಜನ ಮುಂದಿದ್ದಾರೆ ಅಂತ. ನಮ್ಮ ಆಫೀಸಿನಲ್ಲೇ ನನಗಿಂತ ಚೆನ್ನಾಗಿ ಕೆಲಸ ಮಾಡುವವರು ನಲವತ್ತು ಜನ ಇದ್ದಾರೆ, ನನಗೆ ಯಾರೂ “ಮನೇಲಿರು” ಅಂದಿಲ್ಲ. (ನಗು, ಚಪ್ಪಾಳೆ)

ಮಾರನೇ ದಿನ ಆ ಮೆಸೇಜ್ ಅಳಿಸಿದೆ. ಅಳಿಸಿದ್ರೆ ಸಾಲದು ಅನ್ನಿಸ್ತು. “ನಿನ್ನೆ ಬರೆದದ್ದು ತಪ್ಪಾಯ್ತು” ಅಂತ ಬರೆದೆ. ಯಾರೂ ಉತ್ತರ ಕೊಡಲಿಲ್ಲ. ರೈಲ್ವೆ ಅಂಕಲ್ ಮಾತ್ರ ಒಂದು ಫೋಟೋ ಹಾಕಿದ್ರು. 2016ರ ಆ ಸಂಜೆ ಅವರ ಮೊಮ್ಮಗ ತೆಗೆದದ್ದು. ಎಲ್ಲರೂ ಟಿವಿ ಕಡೆ ನೋಡ್ತಾ ಇದ್ದೀವಿ, ಅವ್ವನ ಕೈಯಲ್ಲಿ ಉಸಳಿ ಡಬ್ಬಿ ಇದೆ.

ನಾನು ಈಗಲೂ ಸೀಸನ್ ಅಭಿಮಾನಿಯೇ. ವರ್ಷವಿಡೀ ಬ್ಯಾಡ್ಮಿಂಟನ್ ನೋಡುವಷ್ಟು ಪುರುಸೊತ್ತು ನನಗಿಲ್ಲ, ನಿಮಗೂ ಇಲ್ಲ. ಆದ್ರೆ ಪ್ಯಾರಿಸ್ ಆದ ಮೇಲೆ ಒಂದು ಸಣ್ಣ ಕೆಲಸ ಶುರು ಮಾಡಿದ್ದೀನಿ, ನಿಮಗೂ ಹೇಳ್ತೀನಿ. ಜಾತ್ರೆಯಿಂದ ಬರುವಾಗ ಏನಾದ್ರೂ ಒಂದು ತರ್ತೀವಲ್ಲ? ಹಾಗೆ ಪದಕ ಬಾರದ ಒಬ್ಬರ ಹೆಸರು ತಗೊಂಡು ಬನ್ನಿ. ಗೆದ್ದವರ ಹೆಸರು ಹೇಗೂ ನೆನಪಿರುತ್ತೆ. ಸೋತ ಒಬ್ಬರ ಹೆಸರನ್ನ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಎರಡು ಮೂರು ತಿಂಗಳಿಗೊಮ್ಮೆ ಅವರು ಎಲ್ಲಿ ಆಡ್ತಿದ್ದಾರೆ ಅಂತ ಹುಡುಕಿ ನೋಡಿ. ಐದು ನಿಮಿಷದ ಕೆಲಸ. ನಮ್ಮ ಮನೆ ಕ್ಯಾಲೆಂಡರಿನ ಹಿಂದೆ ಅದಿತಿ ಅಶೋಕ್ ಹೆಸರಿದೆ. ಅವ್ವ ಹೇಳಿ ಬರೆಸಿದ್ದು. ಗಾಲ್ಫ್ ಅಂದ್ರೆ ಏನು ಅಂತ ಅವಳಿಗೆ ಇನ್ನೂ ಗೊತ್ತಿಲ್ಲ. “ಆ ಕೋಲಿನ ಹುಡುಗಿ ಏನ್ ಮಾಡ್ಯಾಳ ನೋಡು” ಅಂತಾಳೆ, ನಾನು ನೋಡಿ ಹೇಳ್ತೀನಿ.

2028ರ ಜುಲೈನಲ್ಲಿ ಲಾಸ್ ಏಂಜಲೀಸ್. ಅಲ್ಲಿ ಸಂಜೆ ಅಂದ್ರೆ ನಮಗೆ ಬೆಳಗಿನ ಜಾವ. ಅಲಾರಂ ಇಟ್ಕೊಂಡು ಎದ್ದೇಳಿ, ಪಕ್ಕದ ಮನೆ ಬಾಗಿಲು ತಟ್ಟಿ. ರೂಲ್ಸ್ ಗೊತ್ತಿಲ್ಲದಿದ್ರೆ ನಾಚಿಕೆ ಬೇಡ, ಕೇಳಿ. ಯಾರಾದ್ರೂ ಸೋತಾಗ ಫೋನ್ ಮಾತ್ರ ಒಂದು ನಿಮಿಷ ಕೆಳಗಿಡಿ.