ಒಂದೇ ವಿಳಾಸ, ಹಲವು ಬಾಗಿಲು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ಊರಿಗೆ ಬಂದಾಗಲೆಲ್ಲ, "ಕಂಪ್ಯೂಟರ್ ಮುಂದೆ ಕೂತು ಏನು ಮಾಡ್ತೀಯಪ್ಪ?" ಎಂದು ಯಾರಾದರೂ ಕೇಳುತ್ತಾರೆ. ಬೇರೆ ಬೇರೆ ತಂಡಗಳು ಕಟ್ಟಿದ ವೆಬ್ ಅಪ್ಲಿಕೇಶನ್‌ಗಳನ್ನು ಒಂದೇ ವಿಳಾಸದಡಿ ನಡೆಸುವುದು ನನ್ನ ಕೆಲಸ. ನಮ್ಮ ಶಾಲೆಗೂ ಒಂದು ಜಾಲತಾಣ ಬೇಕೆಂಬ ಮಾತು ನಡೆದಿರುವುದರಿಂದ ಅದನ್ನೇ ಹೇಳುತ್ತೇನೆ.

ಪಹಣಿ ತೆಗೆಯುವ ತಾಣ, ಸೇವಾ ಸಿಂಧು, ಎಸ್ಸೆಸ್ಸೆಲ್ಸಿ ಪರೀಕ್ಷಾ ಮಂಡಳಿಯ ತಾಣ, ಮೂರರ ಹೆಸರೂ 'ಕರ್ನಾಟಕ ಡಾಟ್ ಗವ್ ಡಾಟ್ ಇನ್' ಎಂದೇ ಮುಗಿಯುತ್ತದೆ. ಒಳಗೆ ಅವು ಬೇರೆ ಬೇರೆ. ಆ ಹೆಸರಿನ ಮುಂದೆ ಇನ್ನೊಂದು ಹೆಸರು ಸೇರಿಸಿ ಮಾಡಿದ ಇವೇ ಸಬ್‌ಡೊಮೇನ್‌ಗಳು.

ಇನ್ನೊಂದು ದಾರಿಯಲ್ಲಿ ಹೆಸರು ಒಂದೇ, ಅದರ ಮುಂದೆ ಓರೆಗೆರೆ ಎಳೆದು 'ಗ್ರಂಥಾಲಯ', 'ದೇಣಿಗೆ' ಎಂದು ಬರೆಯುವುದು. ಆಗ ಗೇಟಿನಲ್ಲಿ ರಿವರ್ಸ್ ಪ್ರಾಕ್ಸಿ ಎಂಬ ತಂತ್ರಾಂಶ ನಿಲ್ಲುತ್ತದೆ. ರಷ್ಯಾದ ಇಗೊರ್ ಸಿಸೊಯೆವ್ 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಇಂಥದ್ದು. ಟಿ.ಸಿ. ಬೇಕೆಂದವರನ್ನು ಆಫೀಸಿಗೂ ಪುಸ್ತಕ ಬೇಕೆಂದವರನ್ನು ಲೈಬ್ರರಿಗೂ ಕಳಿಸುವ ನಮ್ಮ ಶಾಲೆಯ ಜವಾನರ ಹಾಗೆ. ತಾನೊಬ್ಬನೇ ಇಡೀ ಕಟ್ಟಡದ ಯಜಮಾನ ಎಂದುಕೊಂಡು ಬರೆದ ಅಪ್ಲಿಕೇಶನ್ ಮಾತ್ರ ತನ್ನ ಚಿತ್ರಗಳನ್ನು ಪಕ್ಕದ ಕೋಣೆಯಲ್ಲಿ ಹುಡುಕುತ್ತದೆ! ನನ್ನ ಎಷ್ಟೋ ಸಂಜೆಗಳು ಇದನ್ನು ಸರಿಪಡಿಸುವುದರಲ್ಲೇ ಹೋಗಿವೆ.

ಅದು ಸಣ್ಣ ತೊಂದರೆ. ದೊಡ್ಡದು ಬೇರೆ ಇದೆ. ಬ್ರೌಸರ್ ಯಾರು ಯಾರ ಮನೆಯವರು ಎಂದು ತೀರ್ಮಾನಿಸುವಾಗ ಎಚ್‌ಟಿಟಿಪಿಎಸ್ ಎಂಬ ಮೊದಲ ಭಾಗ, ಪೂರ್ತಿ ಹೆಸರು ಮತ್ತು ಪೋರ್ಟ್ ಸಂಖ್ಯೆ, ಇಷ್ಟನ್ನೇ ನೋಡುತ್ತದೆ. ಓರೆಗೆರೆಯ ನಂತರದ್ದು ಅದಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ಗ್ರಂಥಾಲಯದ ಪುಟಕ್ಕೆ ಕಳ್ಳ ಸ್ಕ್ರಿಪ್ಟ್ ನುಗ್ಗಿದರೆ, ದೇಣಿಗೆ ಪುಟ ಬ್ರೌಸರಿನಲ್ಲಿ ಕೂಡಿಟ್ಟ ಮಾಹಿತಿಯನ್ನೂ ಅದು ಓದಬಲ್ಲದು. ಲಾಗಿನ್ ಆದವರ ಹೆಸರಿನಲ್ಲಿ ಕೋರಿಕೆಯನ್ನೂ ಕಳಿಸಬಲ್ಲದು. ಒಂದೇ ಹಜಾರದಲ್ಲಿ ಪರದೆ ಕಟ್ಟಿದರೆ ಗೋಡೆಯಾಗುವುದಿಲ್ಲವಲ್ಲ.

ನಮ್ಮ ತಾಣದಲ್ಲಿ ಫೋಟೋ ಪುಟವನ್ನು ಮಕ್ಕಳು ಮಾಡಲಿ, ತಪ್ಪಾದರೂ ಮಾಡಿ ಕಲಿಯಲಿ. ಆದರೆ ದೇಣಿಗೆ ಲೆಕ್ಕ ಮತ್ತು ಹಳೆಯ ವಿದ್ಯಾರ್ಥಿಗಳ ಫೋನ್ ನಂಬರುಗಳು ಬೇರೆ ಸಬ್‌ಡೊಮೇನಿನಲ್ಲೇ ಇರಬೇಕು. ಅದರ ಲಾಗಿನ್ ಕುಕಿಯನ್ನು ಇಡೀ ಡೊಮೇನಿಗೆ ಹಂಚಬಾರದು. ಖರ್ಚು ಸ್ವಲ್ಪ ಹೆಚ್ಚಾದರೂ ಇದರಲ್ಲಿ ನಾನು ರಾಜಿಗೆ ಒಪ್ಪುವುದಿಲ್ಲ.

ಇನ್ನೊಂದು ಮಾತು. ಈ ಉತ್ಸವಕ್ಕೆಂದು ಮಾಡಿದ ತಾಣವನ್ನು ಮುಂದೆ ಮುಚ್ಚುವಾಗ, ಬಾಡಿಗೆಯ ಸರ್ವರ್ ಬಿಟ್ಟರಷ್ಟೇ ಸಾಲದು, ಡಿಎನ್ಎಸ್‌ನಲ್ಲಿರುವ ಹೆಸರನ್ನೂ ಅಳಿಸಬೇಕು. ಇಲ್ಲದಿದ್ದರೆ ಖಾಲಿಯಾದ ಆ ಜಾಗವನ್ನು ಬೇರೆ ಯಾರೋ ಹಿಡಿದು, ನಮ್ಮ ಶಾಲೆಯ ಹೆಸರಿನಡಿ ಅಂಗಡಿ ತೆರೆಯಬಹುದು. ಹೆಸರು ನೋಡಿ ನಂಬಿದ ಪೋಷಕರು ಅಲ್ಲಿ ಒಟಿಪಿ ಹಾಕಿಬಿಡುತ್ತಾರೆ.

ಹತ್ತನೇ ತರಗತಿಯ ಮಕ್ಕಳೇ, ಫಲಿತಾಂಶದ ದಿನ ವಾಟ್ಸಾಪಿನಲ್ಲಿ ಲಿಂಕ್ ಬಂದರೆ, ಮೊದಲ ಒಂಟಿ ಓರೆಗೆರೆಯ ಹಿಂದಿನ ಹೆಸರನ್ನು ಬಲದಿಂದ ಎಡಕ್ಕೆ ಓದಿ. 'ಗವ್ ಡಾಟ್ ಇನ್' ನಡುವೆ ಎಲ್ಲೋ ಇದ್ದು ಕೊನೆಯಲ್ಲಿ ಇನ್ನೇನೋ ಇದ್ದರೆ ಅದು ಸರ್ಕಾರದ್ದಲ್ಲ, ತೆರೆಯಬೇಡಿ. ಪ್ರಶ್ನೆಗಳಿದ್ದರೆ ಊಟದ ಹೊತ್ತಿನಲ್ಲಿ ಸಿಗುತ್ತೇನೆ.